ತಳ್ಳಬೇಡ ಮಾವ

ನವೆಂಬರ್ 3, ಬೆಳಿಗ್ಗೆ 9

ಮತ್ತೆ ಕಾಫಿ ಕಣದಲ್ಲೇ ಪ್ರಾಕ್ಟೀಸ್. ಹಣ್ಣು ಪಿಕಿಂಗ್ ಶುರುವಾದರೆ ಕಣ ಕಾಫಿ ಒಣಗಿಸಲಿಕ್ಕೆ, ಟೆನಿಸ್‌ಗೆ ರಜೆ. ಸರ್ವ್ ಪರವಾಗಿಲ್ಲ. ವೀಲ್‌ಚೇರ್ ತಿರುಗಿಸುವುದೇ ನಿಧಾನ — ಭುಜ ನೋವು.

ವಾಪಸ್ ಬರುವಾಗ ಯಾರೋ ಪುಣ್ಯಾತ್ಮರು ಹಿಂದಿನಿಂದ ತಳ್ಳಿದರು. ಕೇಳಲೂ ಇಲ್ಲ. ಸೀದಾ ಮಡಿಕೇರಿ ಬಸ್ಸಿನ ಬಾಗಿಲಿಗೆ ಮುಟ್ಟಿಸಿದರು. ನನಗೆ ಹೋಗಬೇಕಿದ್ದದ್ದು ಮನೆಗೆ.

ನವೆಂಬರ್ 9

ನಾಳಿದ್ದು ಬೆಂಗಳೂರಿಗೆ, ವೀಲ್‌ಚೇರ್ ಟೆನಿಸ್ ಆಯ್ಕೆ ಪಂದ್ಯಗಳಿಗೆ. ಗೆದ್ದರೆ ಭಾರತ ತಂಡದಲ್ಲಿ ಜಾಗ, ಮಲೇಷ್ಯಾ ಟೂರ್ನಮೆಂಟ್. ಸೋತರೆ ಇನ್ನೊಂದು ವರ್ಷ... ಈ ಭುಜ ಅಲ್ಲಿವರೆಗೆ ತಡೆಯುತ್ತದೆಯೇ? ಹೆದರಿಕೆ ಆಗುತ್ತಿದೆ.

ಅವ್ವನ ಜೊತೆ ಅವಳ ತಮ್ಮ ಸಣ್ಣಸ್ವಾಮಿ ಮಾವನೂ ಹೊರಟಿದ್ದಾನೆ. ಹತ್ತನೇ ಕ್ಲಾಸಿನವರೆಗೂ ನನ್ನನ್ನು ಸ್ಕೂಲಿಗೆ ತಳ್ಳಿದವನು. ಟೆನಿಸ್ ನೋಡಿದವನೇ ಅಲ್ಲ. ನಮ್ಮ ಆಟದಲ್ಲಿ ಬಾಲ್ ಎರಡು ಸಲ ಪುಟಿಯಬಹುದು ಅಂದೆ.

"ಹಂಗಾರೆ ಸುಲಭ ಬುಡು," ಅಂದ. ಮೈ ಉರಿಯಿತು.

ನವೆಂಬರ್ 14, ಸಂಜೆ

ಸೆಮಿಫೈನಲ್. ಎದುರಾಳಿ ನೆಟ್ ಪಕ್ಕ ಮೆತ್ತಗೆ ಬಾಲ್ ಹಾಕಿದಳು. ನಾನು ಎಲ್ಲೋ ಹಿಂದೆ. ಚಕ್ರ ತಿರುಗಿಸುತ್ತಿದ್ದೇನೆ — ಚೇರ್ ಇದ್ದಕ್ಕಿದ್ದಂತೆ ಹಾರಿತು. ಹೊಡೆದೆ. ಒಳ್ಳೇ ಶಾಟ್. ತಿರುಗಿ ನೋಡಿದರೆ ಮಾವ, ಪಂಚೆ ಎತ್ತಿ ಕಟ್ಟಿ, ಚೇರ್ ಹಿಡಿದು ಏದುಸಿರು ಬಿಡುತ್ತಿದ್ದಾನೆ.

ಪಾಯಿಂಟ್ ಹೋಯಿತು. ಇನ್ನೊಮ್ಮೆ ಹೀಗಾದರೆ ಮ್ಯಾಚೇ ಹೋಗುತ್ತದೆ ಅಂದರು ಅಂಪೈರ್.

"ಕೂಸಿಗೆ ಬಾಲು ಸಿಕ್ಕಕ್ಕಿಲ್ಲ ಅಂತ ಜೀವ ತಡೀಲಿಲ್ಲ ಸ್ವಾಮಿ," ಅಂದ ಮಾವ ಅವರಿಗೆ.

ಹೇಗೋ ಗೆದ್ದೆ. ಮಾವನ ಜೊತೆ ಮಾತು ಬಿಟ್ಟಿದ್ದೇನೆ.

ನವೆಂಬರ್ 15, ಮಧ್ಯಾಹ್ನ

ಫೈನಲ್. ಅವ್ವ ಮುಂಜಾಗ್ರತೆಗೆ ಮಾವನ ಪಂಚೆ ತುದಿಯನ್ನು ಗ್ಯಾಲರಿ ಕಂಬಿಗೆ ಗಂಟು ಹಾಕಿದ್ದಳು. ಅವನಿಗೇ ಗೊತ್ತಿಲ್ಲದ ಹಾಗೆ.

ಮೂರನೇ ಸೆಟ್. ಮ್ಯಾಚ್ ಪಾಯಿಂಟ್ ನನಗೆ. ಇವಳೂ ನೆಟ್ ಪಕ್ಕವೇ ಹಾಕಿದಳು. ಭುಜ ಕಿತ್ತು ಬಂದರೂ ಸರಿ ಅಂತ ಚಕ್ರ ತಳ್ಳಿದೆ. ಒಂದು ಪುಟಿತ, ಎರಡು — ಮುಟ್ಟಿದೆ. ಬಾಲ್ ನೆಟ್ ದಾಟಿತು, ಅವಳಿಗೆ ಸಿಗಲಿಲ್ಲ. ಗೆದ್ದೆ. ಜೋರಾಗಿ ಅತ್ತೆ.

ಮಾವ ಎದ್ದು ಕುಣಿದ. ಪಂಚೆ ಕಂಬಿಯಲ್ಲೇ ಉಳಿಯಿತು. ಸದ್ಯ, ಒಳಗೆ ಪಟ್ಟಾಪಟ್ಟಿ ಚಡ್ಡಿ ಇತ್ತು.

ಅದೇ ದಿನ, ಸಂಜೆ

ಬಸ್ ಸ್ಟ್ಯಾಂಡಿಗೆ ಹೊರಟೆವು. ಭುಜ ಎತ್ತಲಾಗುತ್ತಿಲ್ಲ. ಮುಂದೆ ಏರು. ಮಾವ ಬ್ಯಾಗ್ ಹೊತ್ತು ದೂರ ದೂರವೇ ಬರುತ್ತಿದ್ದ, ಚೇರ್ ಮುಟ್ಟಲು ಹೆದರಿ.

"ತಳ್ಳು ಮಾವ," ಅಂದೆ.

ಆಚೆ ಈಚೆ ನೋಡಿದ. "ಅಂಪೈರಪ್ಪ ಹೋದ್ನಾ?"

ಹೋದರು ಅಂದೆ. ಈಗ ತಳ್ಳುತ್ತಿದ್ದಾನೆ. ನನ್ನ ಕೈ ಖಾಲಿ, ಅದಕ್ಕೇ ಬರೆಯುತ್ತಿದ್ದೇನೆ. ಮಲೇಷ್ಯಾದಲ್ಲಿ ಏರು ಜಾಸ್ತಿಯಾ ಅಂತ ಕೇಳುತ್ತಿದ್ದಾನೆ. ಅಲ್ಲಿಗೆ ತಂಡದ ಜೊತೆ ಹೋಗುವುದು ನಾನೊಬ್ಬಳೇ ಅಂತ ಇನ್ನೂ ಹೇಳಿಲ್ಲ. ಈ ಏರು ಮುಗಿಯಲಿ, ಆಮೇಲೆ —