ಸುಲ್ತಾನಾಬಿಯ ಮನೆ ನನ್ನ ಹೆಸರಿಗೆ

ಆಸ್ತಿ ದಾಖಲೆಗಳ ಮಾನ್ಯ ಅಧಿಕಾರಿಗಳೇ,

ಬಾಜೂ ಮನೆಯ ಸುಲ್ತಾನಾಬಿಯ ಮನೆಯನ್ನು ತಾವು ನನಗೆ ದಯಪಾಲಿಸಿದ್ದೀರಿ. ನಾನು ಅರ್ಜಿ ಹಾಕಿರಲಿಲ್ಲ, ಯಾರ ಕೈಯನ್ನೂ ಬೆಚ್ಚಗೆ ಮಾಡಿರಲಿಲ್ಲ. ಇಷ್ಟು ಚುರುಕಾಗಿ ತಮ್ಮ ಕಚೇರಿಯಲ್ಲಿ ಬೇರೆ ಯಾವ ಕೆಲಸ ಆದದ್ದನ್ನೂ ಕಂಡಿಲ್ಲ. ಆದರೆ ಆ ಮನೆ ನನಗೆ ಬೇಡ. ಅವಳ ಹೆಸರಿಗೇ ತಿದ್ದಿಕೊಡಿ ಎಂದು ಏಳು ತಿಂಗಳಿಂದ ಅಲೆಯುತ್ತಿದ್ದೇನೆ.

ಗೋಕಾಕದ ನಮ್ಮ ಗಲ್ಲಿಯಲ್ಲಿ ಮೂಲನಿವಾಸಿ ಎಂದರೆ ಬೇವಿನ ಮರ ಒಂದೇ. ನನ್ನ ಮಾವನವರು ಮೂಡಲಗಿಯಿಂದ ಬಂದವರು, ಸುಲ್ತಾನಾಬಿಯ ಮಾವ ಹುಕ್ಕೇರಿಯಿಂದ. ಎದುರಿನ ಮರಾಠಿ ಟೇಲರ್ ಮನೆತನ ಕೊಲ್ಹಾಪುರದ್ದು. ಊರಿಗೆ ಹೋಗುವವರು ಕೀಲಿಯನ್ನು ಬಾಜೂದವರಿಗೆ ಕೊಟ್ಟು ಹೋಗುವುದು, ಬಾಗಿಲು ಬಡಿದರೆ ಒಳಗೆ ಯಾರಿದ್ದಾರೋ ಅವರೇ ತೆರೆಯುವುದು ಇಲ್ಲಿನ ಪದ್ಧತಿ. ಆಸ್ತಿ ಸರ್ವೇಯ ದಿನ ಸುಲ್ತಾನಾಬಿ ಮದುವೆಗೆ ಹೋಗಿದ್ದಳು. ನಾನು ಅವಳ ಅಂಗಳದಲ್ಲಿ ಒಣಹಾಕಿದ್ದ ಶಾವಿಗೆ ಕಾಯುತ್ತಿದ್ದೆ. ತಮ್ಮ ಸರ್ವೇಯವರು ಬಂದು, "ಮನಿಯವರು ಯಾರದಾರ್ರಿ?" ಎಂದರು. "ನಾನ ಅದೇನ್ರಿ, ಬರ್ರಿ" ಎಂದೆ. ಚಹಾ ಕುಡಿದು, ನನ್ನ ಹೆಸರು ಬರೆದುಕೊಂಡು ಹೋದರು. ಗೋಡೆಯ ಮೇಲಿನ ಮೆಕ್ಕಾ ಚಿತ್ರದ ಕೆಳಗೇ ಕುಳಿತು ಮಾಲೀಕರು ಅನ್ನಪೂರ್ಣಾ ಎಂದು ಬರೆದ ಅವರ ಜಾತ್ಯತೀತತೆಗೆ ಕೈಮುಗಿಯಬೇಕು. ಮಾಲೀಕರ ಹೆಸರಿನ ದಾಖಲೆ, ಆ ಉತಾರ, ಕೈಗೆ ಬಂದ ಮೇಲೆಯೇ ನಮಗೆ ವಿಷಯ ತಿಳಿದದ್ದು.

ತಿದ್ದಿಸಲು ಇಬ್ಬರೂ ಹೋದೆವು. ಎರಡು ಮನೆಗಳ ನಡುವೆ ಬಾಗಿಲಿದೆ, ಆದ್ದರಿಂದ ಅದು ಒಂದೇ ಆಸ್ತಿ ಎಂದರು ತಮ್ಮ ಗುಮಾಸ್ತರು. ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ ಫೋಟೋ ತಂದರೆ ಬೇರೆ ಮಾಡುತ್ತಾರಂತೆ. ತಪ್ಪಿದ್ದು ತಮ್ಮ ಲೇಖನಿ, ಗೋಡೆ ಕಟ್ಟಬೇಕಾದವರು ನಾವೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೋದ ವರ್ಷ ಸುಲ್ತಾನಾಬಿ ಬಚ್ಚಲಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಮುಂಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ನಾನು ಓಡಿಹೋದದ್ದು ಇದೇ ನಡುಬಾಗಿಲಿನಿಂದ. ಅದನ್ನೂ ಹೇಳಿದೆ. ಅದಕ್ಕೆ ಕಾಲಂ ಇಲ್ಲ ಎಂದರು.

ಕಚೇರಿಯ ಮೆಟ್ಟಿಲಿಳಿಯುವಾಗ ಸುಲ್ತಾನಾಬಿ ಅಂದಳು: "ಬಾಗಲಾ ಮುಚ್ಚೂದಾದ್ರ ಹೆಸರು ನಿಂದ ಇರಲಿ ಬಿಡಕ್ಕಾ. ನೀ ಏನ್ ನನ್ನ ಹೊರಗ ಹಾಕ್ತೀಯೇನು?"

ನಾನು ಹಾಕುವುದಿಲ್ಲ. ಆದರೆ ನನಗೀಗ ಎಪ್ಪತ್ತೊಂದು, ಇಬ್ಬರು ಗಂಡುಮಕ್ಕಳಿದ್ದಾರೆ. ಮೊನ್ನೆ ಹಿರಿಯವನು ಆ ಉತಾರವನ್ನು ಎರಡು ಸಲ ಓದಿದ. ಮೂರನೆಯ ಸಲಕ್ಕೆ ಕನ್ನಡಕ ಹಾಕಿಕೊಂಡ. ನನಗೆ ಹೆದರಿಕೆಯಾಯಿತು. ಆದ್ದರಿಂದ ಇಟ್ಟಿಗೆಯ ಮಾತು ಬಿಟ್ಟು, ನಾನು ಬದುಕಿರುವಾಗಲೇ ಅವಳ ಮನೆಯನ್ನು ಅವಳ ಹೆಸರಿಗೆ ಮಾಡಿಕೊಡಿ. ನನ್ನ ಮಕ್ಕಳ ಒಳ್ಳೆಯತನದ ಮೇಲೆ ತಾವು ಭಾರ ಹಾಕಬೇಡಿ. ಹೆತ್ತ ನಾನೇ ಹಾಕುತ್ತಿಲ್ಲ.

ಇಂತಿ,
ಕೇಳದೆಯೇ ಎರಡು ಮನೆಗಳ ಒಡತಿಯಾದ
ಅನ್ನಪೂರ್ಣಾ, ಗೋಕಾಕ