ತೊಳೆದರೂ ಹೋಗದ ಭಂಡಾರ

ಕರ್ಜಗಿ
ಶುಕ್ರವಾರ, ೧೪ ಫೆಬ್ರುವರಿ ೨೦೨೫

ಪ್ರೀತಿಯ ಮೊಮ್ಮಗಳು ನಾಗಲಕ್ಷ್ಮಿಗೆ,

ಆರೋಗ್ಯವಾಗಿದ್ದೀಯಾ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಎದ್ದಿದ್ದ ಬೊಬ್ಬೆ ಮಾಯಿತೇ? ಮಲಗುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬೇಕೆಂದು ನಿನ್ನ ಅಜ್ಜಿ ಫಕ್ಕೀರವ್ವನ ಆಜ್ಞೆ. ಪೊಲೀಸ್ ತರಬೇತಿಗೆ ನಮ್ಮ ಮನೆಯಿಂದ ಹೋದವರಲ್ಲಿ ನೀನೇ ಮೊದಲಿಗಳು, ಕಾಲನ್ನು ಕಾಪಾಡಿಕೋ.

ಹೋದ ಭಾನುವಾರ ಫೋನಿನಲ್ಲಿ ನೀನು, ‘ನಮ್ಮ ಹವಾಲ್ದಾರನ್ನ ಒಮ್ಮೆ ಬೊಗಳಸ್ರಿ’ ಎಂದೆ. ‘ಹೊಲಕ್ಕ ಹೋಗ್ಯಾನವ್ವಾ’ ಎಂದ ನಿನ್ನ ಅಪ್ಪ ಮೈಲೇಶ. ಹೋಗಿರಲಿಲ್ಲ. ನಿನ್ನ ಮುದ್ದಿನ ನಾಯಿ ಅಲ್ಲೇ, ಗೋಣಿತಟ್ಟಿನ ಮೇಲೆ ಮಲಗಿದ್ದ. ನಿನ್ನ ದನಿಗೆ ಅವನ ಬಾಲದ ತುದಿ ಮಾತ್ರ ಅಲ್ಲಾಡಿತು. ಮೊದಲೇ ಹೇಳಿಬಿಡುತ್ತೇನೆ: ಇದನ್ನು ಬರೆಯುವಾಗ ಅವನು ಬದುಕಿದ್ದಾನೆ, ನನ್ನ ಕಾಲ ಬಳಿಯೇ ಇದ್ದಾನೆ. ಉಳಿದದ್ದನ್ನು ಸಮಾಧಾನದಿಂದ ಓದು.

ಆ ಹೊತ್ತಿಗೆ ಎರಡು ದಿನದಿಂದ ಅವನು ರೊಟ್ಟಿ ಮುಟ್ಟಿರಲಿಲ್ಲ. ಬ್ಯಾಡಗಿ ಪೇಟೆಗೆ ಒಯ್ಯುವ ಮೆಣಸಿನಕಾಯಿಯನ್ನು ಅಂಗಳದಲ್ಲಿ ಹರವಿದ್ದೆವು. ‘ಘಾಟಿಗೆ ಸಾಹೇಬ್ರ ಮೂಗು ಕೆಟ್ಟೈತಿ, ಅದಕ್ಕ ಊಟ ಒಲ್ಲೆ ಅಂತಾರ’ ಎಂದು ನಿನ್ನ ಅಜ್ಜಿ ನಕ್ಕಳು. ಮನೆಯ ಪದ್ಧತಿ ನಿನಗೆ ತಿಳಿದದ್ದೇ: ನಾಯಿ ಮನೆದೇವರು ಮೈಲಾರಲಿಂಗನದು, ಭಾನುವಾರ ದೇವರಿಗೆ ಏರಿಸಿದ ಅರಿಶಿಣದ ಭಂಡಾರ ಅವನ ಹಣೆಗೂ ಕಿವಿಗೂ ಬೀಳಲೇಬೇಕು. ಅಂದು ಅವಳು ಕೈತುಂಬ ಹಚ್ಚಿದಳು. ಕಿವಿಯೊಳಗೆ ಹಳದಿ ಕಂಡಿತು, ವಸಡಿನಲ್ಲಿಯೂ ಕಂಡಿತು. ಭಂಡಾರ ನೆಕ್ಕಿದ್ದಾನೆ ಎಂದುಕೊಂಡೆವು. ‘ದೇವರ ಬಣ್ಣ ಹತ್ತೈತಿ, ಇನ್ನ ಆರಾಮ ಆಗ್ತಾನ ತಗೋ’ ಎಂದಳು. ಕಣ್ಣುಬಿಟ್ಟು ನೋಡಿರೆಂದು ಮಕ್ಕಳಿಗೆ ಹೇಳುತ್ತಲೇ ನಿವೃತ್ತನಾದ ಈ ಮಾಸ್ತರನೂ ತಲೆಯಾಡಿಸಿದ.

ಸೋಮವಾರ ಬೆಳಿಗ್ಗೆ ಒದ್ದೆ ಅರಿವೆಯಿಂದ ಅವನ ಮುಖ ಒರೆಸಿದೆ. ಹಣೆಯ ಹಳದಿ ಅರಿವೆಗೆ ಬಂತು. ಕಿವಿಯೊಳಗಿನದು ಬರಲಿಲ್ಲ. ತಿಕ್ಕಿ ಒರೆಸಿದೆ, ಆಗಲೂ ಬರಲಿಲ್ಲ. ರೆಪ್ಪೆ ಬಿಡಿಸಿ ಕಣ್ಣಿನ ಬಿಳುಪನ್ನು ನೋಡಿದೆ. ಅದೂ ಹಳದಿಯಾಗಿತ್ತು. ಅಲ್ಲಿ ಯಾರೂ ಭಂಡಾರ ಹಚ್ಚಿರಲಿಲ್ಲ, ಮಗೂ.

ಮೈಲೇಶ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡ. ನಿನ್ನ ಅಜ್ಜಿಯೂ ಸೇರಿ ಎಲ್ಲರೂ ಭರಮಣ್ಣನ ಟಂಟಂ ಗಾಡಿಯಲ್ಲಿ ಹಾವೇರಿಯ ಪಶು ಆಸ್ಪತ್ರೆ ಸೇರಿದೆವು. ವೈದ್ಯೆ ಸುಮಯ್ಯಾ ನಿನಗಿಂತ ನಾಲ್ಕೈದು ವರ್ಷ ಹಿರಿಯಳಿರಬಹುದು. ತುಟಿ ಎತ್ತಿ ನೋಡಿದವಳೇ, ‘ಅಜ್ಜಾರ, ಭಂಡಾರ ತೊಳದ್ರ ಹೋಗತೈತ್ರಿ. ಇದು ಕಾಮಾಲಿ. ಉಣ್ಣಿ ಕಚ್ಚಿ ರಕ್ತ ಕೆಟ್ಟೈತಿ. ತಡಾ ಆಗೇತಿ, ನೋಡೋಣು’ ಎಂದಳು. ಬೇಕಾದ ಇಂಜೆಕ್ಷನ್ ತರಲು ಮೈಲೇಶ ರಾಣೆಬೆನ್ನೂರಿಗೆ ಹೋದ. ಅವನು ಬರುವವರೆಗೆ ನಿನ್ನ ಅಜ್ಜಿ ಸಲಾಯಿನ್ ಬಾಟಲಿ ಹಿಡಿದು ನಿಂತೇ ಇದ್ದಳು, ಕುಳಿತುಕೊಳ್ಳೆಂದರೂ ಕೇಳಲಿಲ್ಲ. ‘ಏಳೋ ಹವಾಲ್ದಾರಾ, ಡ್ಯೂಟಿ ಐತಿ, ಏಳೋ’ ಎನ್ನುತ್ತಿದ್ದಳು.

ಇಂಜೆಕ್ಷನ್ ಹಾಕಿಸಿ ಮನೆಗೆ ಕರೆತಂದೆವು. ನಿನ್ನೆ ಅವನು ಗಂಜಿ ನೆಕ್ಕಿದ. ಮೂತ್ರದ ಕಪ್ಪು ಬಣ್ಣ ತಿಳಿಯಾಗಿದೆ. ಆದರೂ ಕಣ್ಣಿನ ಹಳದಿ ಪೂರ್ತಿ ಇಳಿದಿಲ್ಲ. ಮಂಗಳವಾರ ಮತ್ತೊಮ್ಮೆ ರಕ್ತಪರೀಕ್ಷೆ. ಗೆದ್ದೆವೆನ್ನಲು ನನಗೆ ಇನ್ನೂ ನಾಲಿಗೆ ಏಳುತ್ತಿಲ್ಲ. ಗಳಿಗೆಗೊಮ್ಮೆ ಬಗ್ಗಿ ಅವನ ಕಿವಿ ನೋಡುವುದೇ ನನ್ನ ಕೆಲಸವಾಗಿದೆ.

ಓಡಿ ಬರಬೇಕೆನಿಸುವುದು ನಿನಗೆ ಸಹಜ. ಬರಬೇಡ. ಹಾವೇರಿ ರಸ್ತೆಯಲ್ಲಿ ದಿನವೂ ನಸುಕಿನಲ್ಲಿ ಜೊತೆಗೆ ಓಡಿ ನಿನ್ನನ್ನು ಆ ತರಬೇತಿಗೆ ಮುಟ್ಟಿಸಿದವನು ಅವನು. ಅರ್ಧಕ್ಕೆ ಬಿಟ್ಟು ಬಂದರೆ ಅವನ ಶ್ರಮವೂ ವ್ಯರ್ಥ. ನೀನು ಅಲ್ಲಿ ಗಟ್ಟಿಯಾಗಿ ನಿಲ್ಲು, ಇಲ್ಲಿ ನಾವು ನಿಲ್ಲುತ್ತೇವೆ. ನಿನ್ನ ಅಜ್ಜಿ ಇಂದು ಭಂಡಾರವನ್ನು ನನ್ನ ಹಣೆಗೆ ಹಚ್ಚಿ, ಅದು ನಿನ್ನ ಪಾಲಿನದೂ ಅವನ ಪಾಲಿನದೂ ಎಂದಿದ್ದಾಳೆ. ಮೈಲಾರಲಿಂಗ ನಿಮ್ಮಿಬ್ಬರ ಕಾಲಿಗೂ ಬಲ ಕೊಡಲಿ.

ನಿನ್ನ ಅಜ್ಜ,
ಗೋಣೆಪ್ಪ

ತಾ.ಕ.: ಲಕೋಟೆಯ ಮೇಲೆ ವಿಳಾಸ ಬರೆದು ರೂಢಿಯಂತೆ ಗಟ್ಟಿಯಾಗಿ ಓದಿದೆ. ನಿನ್ನ ಹೆಸರು ಕಿವಿಗೆ ಬಿದ್ದದ್ದೇ ತಡ, ಹವಾಲ್ದಾರ ಎದ್ದು ಗೇಟಿನತ್ತ ಓಡಿದ. ಅರ್ಧದಲ್ಲೇ ಕಾಲು ನಡುಗಿ ಕುಸಿದ. ಎತ್ತಿ ತಂದಿದ್ದೇನೆ, ಉಸಿರು ಸರಿಯಾಗಿದೆ. ಆದರೆ ಅವನು ಓಡಬಾರದೆಂದು ಸುಮಯ್ಯಾ ಹೇಳಿದ್ದಾಳೆ. ಆದ್ದರಿಂದ ಮುಂದಿನ ಸಲ ಫೋನ್ ಮಾಡಿದಾಗ ಅವನನ್ನು ಕರೆಯಬೇಡ, ಸೀಟಿಯನ್ನೂ ಹೊಡೆಯಬೇಡ. ನನ್ನ ಸಂಗಡವೇ ಮಾತಾಡು, ಮೆಲ್ಲಗೆ, ಬಹಳ ಹೊತ್ತು. ಫೋನನ್ನು ಅವನ ಪಕ್ಕದಲ್ಲಿ ಇಟ್ಟಿರುತ್ತೇನೆ.