ಬಲಕ್ಕೆ ಓಡುವ ಚೆಂಡು

12-10-97, ಭಾನುವಾರ

ಮತ್ತೆ ಬಲಕ್ಕೇ. ಹೊಡೆದ ಚೆಂಡೆಲ್ಲ ಕಬ್ಬಿನ ಗದ್ದೆಗೆ. ಹೋದ ವಾರ ನೆಟ್ಟಗೆ ಹೋಗುತ್ತಿತ್ತಲ್ಲ! ಶುಕ್ರವಾರ ಆಯುಧ ಪೂಜೆಗೆ ಅವ್ವ ಇಟ್ಟ ಕುಂಕುಮ ನನ್ನ ಡ್ರೈವರಿನ, ಅದೇ ದೂರ ಹೊಡೆಯುವ ಗಾಲ್ಫ್ ದೊಣ್ಣೆಯ, ತಲೆ ಮೇಲೆ ಇನ್ನೂ ಇದೆ. ಪೂಜೆಯ ಫಲ ಇದೇನಾ?

ಶ್ರೀರಂಗಪಟ್ಟಣದ ಗಾಲ್ಫ್ ಮೈದಾನಕ್ಕೆಲ್ಲ ಇವತ್ತು ನಾನೇ ತಮಾಷೆ. ಗೆಳೆಯ ದೇವರಾಜು ಬೇರೆ— "ಲೇ ನಾಗ, ಕಬ್ಬು ಕಡಿಯಕ್ಕೆ ಓಯ್ತಿದ್ದೀಯೇನ್ಲಾ?" ಅವನು ನಕ್ಕದ್ದು ಸ್ವಲ್ಪ ಜಾಸ್ತಿಯಾಯಿತು.

ಬೆಂಗಳೂರು ಪಂದ್ಯಕ್ಕೆ ಉಳಿದಿರುವುದು ಒಂದೇ ಜಾಗ. ನಾನು, ಇಲ್ಲ ಅವನು.

14-10

ಡ್ರೈವರಿನ ತಲೆಯಲ್ಲಿ ಎರಡು ಹಿತ್ತಾಳೆ ಬಿರಡೆ, ಹಿಡಿಕೆ ಕಡೆಗೊಂದು, ತುದಿಗೊಂದು. ದೇವರಾಜುವೇ ಪಾಂಡವಪುರದ ತನ್ನ ಲೇತ್ ಅಂಗಡಿಯಲ್ಲಿ ಮಾಡಿಕೊಟ್ಟದ್ದು. ನೋಡಲು ಎರಡೂ ಒಂದೇ. ಒಂದರೊಳಗೆ ಸೀಸ, ಇನ್ನೊಂದು ಟೊಳ್ಳು. ಎಂಟಾಣೆ ಸಿಕ್ಕಿಸಿ ತಿರುಗಿಸಿದರೆ ಬಿಚ್ಚುತ್ತವೆ. ಭಾರದ್ದು ಹಿಡಿಕೆ ಕಡೆಗಿದ್ದರೆ ತಲೆ ಬೇಗ ತಿರುಗುತ್ತದೆ, ನನ್ನ ಚೆಂಡು ನೆಟ್ಟಗಾಗುತ್ತದೆ. ತುದಿಗಿದ್ದರೆ ತಲೆ ತಿರುಗುವುದು ತಡ, ಚೆಂಡು ಇನ್ನಷ್ಟು ಬಲಕ್ಕೆ. ಗುರುತಿಗೆ ಭಾರದ್ದರ ಮೇಲೆ ನೈಲ್ ಪಾಲಿಶ್‌ನ ಕೆಂಪು ಚುಕ್ಕೆ ಇಟ್ಟಿದ್ದೆ.

ಈಗ ನೋಡಿದೆ. ಚುಕ್ಕೆ ಎರಡರಲ್ಲೂ ಇಲ್ಲ! ಬಿಚ್ಚಿ ಅಂಗೈಲಿಟ್ಟು ನೋಡಿದೆ. ಭಾರದ್ದು ತುದಿಯಲ್ಲಿ.

ಶನಿವಾರ ಇಡೀ ದಿನ ನನ್ನ ದೊಣ್ಣೆಗಳ ಬ್ಯಾಗು ಯಾರ ಜೀಪಿನಲ್ಲಿತ್ತು? ದೇವರಾಜುವಿನ ಜೀಪಿನಲ್ಲಿ.

15-10

ಬಿರಡೆ ಸರಿಮಾಡಲಿಲ್ಲ. ಸಾಕ್ಷಿ ಇರಲಿ. ಬೇಕೆಂದೇ ಅವನ ಅಂಗಡಿಗೆ ಹೋದೆ. ಟೀ ತರಿಸಿದ. ಬನ್ನೂ. ಯಾಕಿಷ್ಟು ಉಪಚಾರ? "ಡ್ರೈವರ್ ತಗಬಾರ್ಲಾ, ಒಂದ್ಸಲ ನೋಡ್ಬುಡ್ತೀನಿ" ಅಂದ. ಯಾಕೆ, ಗೊತ್ತಾಗದ ಹಾಗೆ ವಾಪಸ್ ಬದಲಿಸಿಡಲಿಕ್ಕೆ ತಾನೇ? ಕೊಡಲಿಲ್ಲ.

19-10, ಭಾನುವಾರ

ಹೇಳಿಬಿಟ್ಟೆ. ಎಲ್ಲರ ಎದುರಿಗೇ. ಕ್ಲಬ್ಬಿನ ಕಾರ್ಯದರ್ಶಿ ಶಿವಲಿಂಗಯ್ಯನವರ ಕೈಗೆ ಎರಡೂ ಬಿರಡೆ ಇಟ್ಟೆ. ದೇವರಾಜು ವಾದಿಸಲೇ ಇಲ್ಲ.

"ನಾನ್ ಮಾಡ್ದೆ ಅಂತೀಯೇನ್ಲಾ?"

"ಇನ್ಯಾರ್ಲಾ ಮತ್ತೆ?"

ಬ್ಯಾಗು ಎತ್ತಿಕೊಂಡು ಹೊರಟೇಹೋದ. ಅವನ ಹೆಸರು ಹೊಡೆದುಹಾಕಿದರು. ಜಾಗ ನನಗೆ.

ತಪ್ಪು ಮಾಡಿಲ್ಲದಿದ್ದರೆ ಕೂಗಾಡುತ್ತಿರಲಿಲ್ಲವೇ?... ಕೂಗಾಡುತ್ತಿದ್ದ.

29-10

ದೀಪಾವಳಿಗೆ ಅವ್ವ ಹಂಡೆ ಉಜ್ಜುತ್ತಿದ್ದಳು. ನನ್ನನ್ನು ನೋಡಿ— "ನಿನ್ ದೊಣ್ಣೆನೂ ಕೊಡ್ಲಾ, ಉಜ್ಬುಡ್ತೀನಿ. ಆಯುಧ ಪೂಜೆಲಿ ಪಳಪಳ ಅಂತಿತ್ತು."

"ಏನ್ ಮಾಡ್ದೆ ಅವ್ವ ಅದುಕ್ಕೆ?"

"ನೀನ್ ಮಾಡಂಗೇ ಎಂಟಾಣೆ ಇಟ್ಟು ತಿರುಗ್ಸಿ, ಎಲ್ಡೂ ಬಿಚ್ಚಿ, ಉಣ್ಸೆಹಣ್ಣಾಕಿ ತಿಕ್ದೆ. ಒಂದ್ರಲ್ಲಿ ಏನೋ ಕೆಂಪುಗೆ ಅಂಟ್ಕಂಡಿತ್ತು, ಕೆರೆದಾಕ್ದೆ. ಮಚ್ಚು ಕುಡ್ಲು ಎಲ್ಲಾ ತೊಳ್ದು, ಅದೊಂದ್ನ ಕೊಳೆಲೇ ಪೂಜೆಗೆ ಇಡಕಾಯ್ತದಾ?"

ಮತ್ತೆ ಹಾಕುವಾಗ ಅದಲುಬದಲಾದದ್ದು ಅವ್ವನ ಕೈಯಲ್ಲೇ. ನನ್ನ ಮೇಲೆ ನನಗೇ ಹೇಸಿಗೆ.

30-10, ಹಬ್ಬ

ಬೆಳಿಗ್ಗೆಯೇ ಶಿವಲಿಂಗಯ್ಯನವರಿಗೆ ಫೋನ್ ಮಾಡಿ ನಿಜ ಹೇಳಿದೆ. ಆಮೇಲೆ ಕ್ಯಾತನಹಳ್ಳಿಗೆ, ಅವನ ಮನೆಗೆ. ಜಗುಲಿ ಮೇಲೆ ಕೂತಿದ್ದ. ಎಲ್ಲ ಹೇಳಿದೆ. ಕೇಳಿಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗಿಂದ ಕುರ್ಚಿ ತಂದು ಟವೆಲಿನಲ್ಲಿ ಒರೆಸಿದ.

"ಕೂತ್ಕಳಿ ಸಾರ್. ಅಬ್ಬದ್ ದಿನ ಬಂದಿದ್ದೀರಿ, ಊಟ ಮಾಡ್ಕಂಡೇ ಓಗಿ."

ಹೆಂಡತಿಯನ್ನು ಕೂಗಿದ— "ಸಾಹೇಬ್ರು ಬಂದವ್ರೆ, ಎಲೆ ಆಕಮ್ಮಿ."

ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. "ಲೇ, ಸಾರ್ ಅನ್ಬೇಡ ಕಣ್ಲಾ" ಅಂದೆ. ಅವನು ಟವೆಲು ಹೆಗಲಿಗೆ ಹಾಕಿಕೊಂಡು, ನನ್ನ ಮುಖ ನೋಡದೆ— "ಕೈ ತೊಳ್ಕಂಡ್ ಬನ್ನಿ ಸಾರ್, ಎಲೆ ಆಕವ್ರೆ" ಅಂದ.